ಮುರಿಗೆಪ್ಪನ ಪಿಡಿಎಫ್

ಹೊಳೆದಂಡೆಯ ಮಠವೊಂದರಲ್ಲಿ ಅಜ್ಜಾರು ಊರಮಂದಿಗೆ ಬೇರು-ನಾರಿನ ಔಷಧ ಕೊಡುತ್ತಿದ್ದರು. ಅವರ ಶಿಷ್ಯ ಮುರಿಗೆಪ್ಪನಿಗೆ ಇದ್ದದ್ದು ಒಂದೇ ಆಸೆ: ತಾನೂ ಔಷಧ ಕೊಡಬೇಕು.

"ನನಗ ಗೊತ್ತಿದ್ದದ್ದೆಲ್ಲಾ ಒಂದು ಪುಸ್ತಕ ಮಾಡು. ಅದು ನೆಟ್ಟಗಾದ್ರ ನೀನೂ ಕೊಡಾಕ ಕೂಡು" ಅಂದರು ಅಜ್ಜಾರು.

ಮುರಿಗೆಪ್ಪ ಮಠದ ಕಂಪ್ಯೂಟರಿನ ಮುಂದೆ ಕೂತ. ಒಂದೊಂದು ಬೇನೆಗೂ ಎಕ್ಸೆಲ್‌ನಲ್ಲಿ ಒಂದೊಂದು ಶೀಟು. ಔಷಧ ಯಾವುದು, ಯಾರಿಗೆ, ಕೊನೆಯ ಕಾಲಂನಲ್ಲಿ ಎಷ್ಟು. ಎಲ್ಲವನ್ನೂ ಪಿಡಿಎಫ್ ಮಾಡಿ, ಪ್ರಿಂಟ್ ಹೊಡೆಸಿ, ಪುಸ್ತಕ ಕಟ್ಟುವ ದಾವಲಸಾಬರ ಹತ್ತಿರ ಕುಣಿಯುತ್ತ ಹೋದ.

ಹೋದಷ್ಟೇ ಬೇಗ ಜೋಲುಮುಖ ಹಾಕಿಕೊಂಡು ತಿರುಗಿ ಬಂದ.

"ಒಂದು ಹಾಳಿ ಅಂಗೈಯಷ್ಟು, ಇನ್ನೊಂದು ಚಾಪೆಯಷ್ಟು ಐತಂತ್ರಿ ಅಜ್ಜಾರ. ಕತ್ತರಿಸಿ ಸಮ ಮಾಡಿದ್ರ ಕಡೀ ಕಾಲಂ ಹೋಗ್ತೈತಂತ."

"ಯಪ್ಪಾ ಶಿವನ! ಎಷ್ಟು ಕೊಡಬೇಕನ್ನೋದ ಹೋದ್ರ, ಕೆಮ್ಮಿಗೆ ಕೊಡಪಾನ ತುಂಬ ಕುಡಿಸ್ತೀಯಲ್ಲೋ ನೀ! ಹಾಳಿ ಯಾಕ ಹಂಗಾದವು?"

"ಸಣ್ಣ ಶೀಟಿಗೆ ಸಣ್ಣ ಹಾಳಿ, ಅಗಲ ಇದ್ದದ್ದಕ್ಕ ದೊಡ್ಡ ಹಾಳಿ ಆರಿಸಿದ್ನಿರಿ. ಯಾವುದಕ್ಕೂ ಇಕ್ಕಟ್ಟಾಗಬಾರದಂತ."

"ಭಾಳ ಕರುಣಾ ಐತಲ್ಲೋ ನಿನಗ. ನಡಿ, ಊಟಕ್ಕ."

ಅಂದು ಅಜ್ಜಾರೇ ಬಡಿಸಿದರು. ಚಿಟಿಕೆ ಉಪ್ಪಿಗೆ ಬೇವಿನೆಲೆ. ಚಟ್ನಿಗೆ ವೀಳ್ಯದೆಲೆ. ಪಲ್ಯಕ್ಕೆ ಮುತ್ತುಗದ ಎಲೆ. ಅನ್ನಕ್ಕೆ ಆಳುದ್ದದ ಬಾಳೆಎಲೆ, ಬಾಗಿಲ ತನಕ.

ಹೊಳೆಯ ಕಡೆಯಿಂದ ಗಾಳಿ ಬೀಸಿತು. ಉಪ್ಪು ಹಾರಿಹೋಯಿತು. ಚಟ್ನಿ ಮಗುಚಿ ಮುರಿಗೆಪ್ಪನ ಧೋತರದ ಮೇಲೆ ಬಿತ್ತು. ಪಂಕ್ತಿಗೆ ಪಂಕ್ತಿಯೇ ನಕ್ಕಿತು.

"ಇದೇನ್ರಿ ಅಜ್ಜಾರ! ಹೆಂಗ ಉಣ್ಣಲಿ?"

"ಯಾವುದಕ್ಕೂ ಇಕ್ಕಟ್ಟಾಗಬಾರದಲ್ಲಪಾ."

ಮುರಿಗೆಪ್ಪನಿಗೂ ನಗು ತಡೆಯಲಾಗಲಿಲ್ಲ. "ಒಂದ ಎಲಿ ಮೊದಲ ಹಾಕಬೇಕಿತ್ರಿ, ಆಮ್ಯಾಲ ಬಡಸಬೇಕಿತ್ತು."

ಬಾಳೆಎಲೆಯನ್ನು ಹತ್ತಿರ ಎಳೆದುಕೊಳ್ಳುತ್ತ ಕೇಳಿದ: "ಆದ್ರ ಆ ಎಲಿಯೊಳಗ ಅನ್ನ ಹಿಡೀದಿದ್ರ?"

"ಎಲಿ ಜಗ್ಗಿ ಉದ್ದ ಮಾಡ್ತಾರೇನೋ? ಇನ್ನೊಂದು ಸಲ ಬಡಸ್ತಾರ."

ಕೈ ತೊಳೆದವನೇ ಕಂಪ್ಯೂಟರಿಗೆ ಓಡಿದ. ಶೀಟುಗಳನ್ನೆಲ್ಲ ಒಟ್ಟಿಗೆ ಆರಿಸಿ, ಎಲ್ಲಕ್ಕೂ ಎ-ಫೋರ್ ಹಾಳೆಯನ್ನೇ ಮೊದಲು ಗೊತ್ತುಮಾಡಿದ. ಆಮೇಲೆ ಕಾಲಂಗಳನ್ನು ಆ ಹಾಳೆಯ ಅಗಲದೊಳಗೆ ಕೂರಿಸಿದ. ಉದ್ದವಿದ್ದ ಶೀಟು ಮುಂದಿನ ಹಾಳೆಗೆ ಸರಿಯಿತು.

ಸಂಜೆ ದಾವಲಸಾಬರು ಕಟ್ಟಿಕೊಟ್ಟ ಪುಸ್ತಕವನ್ನು ತಂದು ಅಜ್ಜಾರ ಮುಂದಿಟ್ಟ. ಅವರು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಎಲ್ಲೂ ಏರುತಗ್ಗಿಲ್ಲ. ತೆರೆದು ನೋಡಿದರು. ಕೊನೆಯ ಕಾಲಂ ಪೂರ್ತಿ ಇತ್ತು.

ಮುರಿಗೆಪ್ಪ ಹತ್ತಿರ ಸರಿದು ಕೇಳಿದ: "ಅಜ್ಜಾರ, ನಾಳೆ ಔಷಧ ಕೊಡಾಕ ಕೂಡ್ಲೇನ್ರಿ?"

"ಕೂಡು. ಹಾಳಿ ಎಲ್ಲಾ ಒಂದ ಅಳತೀಗೆ ತಂದಿ, ಶಾಣ್ಯಾ ಅದಿ. ಬಂದ ಮಂದಿನ್ನ ಮಾತ್ರ ಹಂಗ ತರಾಕ ಹೋಗಬ್ಯಾಡ."