ಸೌಟು ಬಿಡದ ಬಾಣಸಿಗ

"ಗುರುಗಳೇ, ಅಣ್ಣನ ಕೋಪ ಇಳಿಯಲು ಇನ್ನೇನು ಮಾಡಲಿ?" ಎಂದು ಶಿಷ್ಯ ಕೇಳಿದ.

ಇದೇ ಪ್ರಶ್ನೆಯನ್ನು ಅವನು ನಿನ್ನೆಯೂ ಕೇಳಿದ್ದ, ಮೊನ್ನೆಯೂ ಕೇಳಿದ್ದ. ಹತ್ತು ಜನರೆದುರು ಅಣ್ಣನಿಗೆ ಒಂದು ಕೆಟ್ಟ ಮಾತು ಆಡಿದ್ದ. ಮರುದಿನ ಕ್ಷಮೆ ಕೇಳಲು ಹೋದಾಗ ಅಣ್ಣ, "ಆಯಿತು, ಸ್ವಲ್ಪ ದಿನ ನನ್ನ ಪಾಡಿಗೆ ನನ್ನನ್ನು ಬಿಡು" ಎಂದಿದ್ದ. ಇವನು ಬಿಡಲಿಲ್ಲ. ದಿನವೂ ಹೋದ. ಒಮ್ಮೆ ಹಣ್ಣು ಒಯ್ದ, ಒಮ್ಮೆ ಹಿರಿಯರನ್ನು ಕರೆದೊಯ್ದ, ಒಮ್ಮೆ ಬಾಗಿಲಲ್ಲೇ ನಿಂತು ಅತ್ತ. ಈಗ ಇವನ ಧ್ವನಿ ಕೇಳಿದರೆ ಸಾಕು, ಅಣ್ಣ ಒಳಗಿಂದ ಚಿಲಕ ಹಾಕಿಕೊಳ್ಳುತ್ತಿದ್ದ.

ಗುರುಗಳಿಗೆ ಹೇಳಿ ಹೇಳಿ ಸಾಕಾಗಿತ್ತು. "ಕುಳಿತುಕೋ ಮಾರಾಯ. ಒಂದು ಕತೆ ಹೇಳುತ್ತೇನೆ. ಮುಗಿಯುವ ತನಕ ನಡುವೆ ಬಾಯಿ ಹಾಕಬೇಡ" ಎಂದು ಶುರುಮಾಡಿದರು.

ಒಬ್ಬ ಬಾಣಸಿಗನಿದ್ದ. ಮೈಸೂರುಪಾಕು, ಹಲ್ವಾ ಮಾಡುವುದರಲ್ಲಿ ಎತ್ತಿದ ಕೈ. ಆ ಸಿಹಿಗಳನ್ನು ಒಲೆಯ ಮೇಲೆ ಬಿಡದೆ ತಿರುವುತ್ತಿರಬೇಕು. ಸ್ವಲ್ಪ ಮೈಮರೆತರೂ ತಳ ಹಿಡಿಯುತ್ತವೆ. ಸೌಟು ಕೆಳಗಿಡದವನು ಎಂದೇ ಅವನಿಗೆ ಹೆಸರು.

ಅವನ ಹೆಂಡತಿಗೆ ಜ್ವರ ಬಂದು ಹೋಯಿತು. ಜ್ವರ ಹೋದರೂ ಬಾಯಿರುಚಿ ಮರಳಲಿಲ್ಲ. ಗಂಜಿ ಕೊಟ್ಟರೆ ದೂಡಿದಳು, ತಿಳಿಸಾರು ಕೊಟ್ಟರೆ ಮುಖ ತಿರುಗಿಸಿದಳು. ಹೀಗೇ ಆದರೆ ಇವಳು ಉಳಿಯುವುದಿಲ್ಲ ಎಂದು ಗಂಡ ಹೆದರಿದ. ಒಂದು ಬೆಳಿಗ್ಗೆ ಅವಳೇ ಬಾಯಿಬಿಟ್ಟು, "ಅಮ್ಮ ಕೆಂಪಗೆ ಕಾಯಿಸಿದ ಪಾಕದಲ್ಲಿ ಸೇಬು ಬೇಯಿಸಿ ಕೊಡುತ್ತಿದ್ದಳು, ಅದಾದರೆ ತಿಂದೇನು. ಬಹಳ ಸುಲಭ ರೀ. ಸಕ್ಕರೆ ನೆನೆಯುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿಡಿ. ಜೇನಿನ ಬಣ್ಣ ಬರುವ ತನಕ ಮುಟ್ಟಬೇಡಿ. ಆಮೇಲೆ ಸೇಬಿನ ಹೋಳು, ಒಂದು ಚಮಚ ತುಪ್ಪ ಹಾಕಿ ಮುಚ್ಚಿಡಿ. ಅಷ್ಟೇ" ಎಂದಳು.

ಅವನು ಬಾಣಲೆ ಇಟ್ಟ. ಪಾಕ ಕುದಿ ಬಂತು. ಕೈ ತಾನಾಗಿ ಸೌಟಿಗೆ ಹೋಯಿತು. ತಿರುವಿದ. ಪಾಕ ಬೆಳ್ಳಗಾಗಿ ಹರಳುಗಟ್ಟಿ ಮರಳಿನಂತಾಯಿತು. ಚೆಲ್ಲಿ ಮತ್ತೆ ಇಟ್ಟ. ಈ ಸಲ ಹೆಚ್ಚು ಜಾಗ್ರತೆ ಬೇಕೆಂದು ಹೆಚ್ಚು ಜೋರಾಗಿ ತಿರುವಿದ. ಮತ್ತೆ ಮರಳು. ಸಕ್ಕರೆಯೇ ಸರಿಯಿಲ್ಲ ಎಂದು ಅಂಗಡಿಯವನನ್ನು ಬೈದು ಬೇರೆ ಸಕ್ಕರೆ ತಂದ. ಅದನ್ನೂ ತಿರುವಿದ. ಮಧ್ಯಾಹ್ನವಾಯಿತು. ಹೆಚ್ಚಿಟ್ಟ ಸೇಬು ಕಪ್ಪಾಯಿತು. ಹೆಂಡತಿಯ ಹೊಟ್ಟೆಗೆ ಒಂದು ತುತ್ತೂ ಬಿದ್ದಿರಲಿಲ್ಲ.

"ಉರಿ ಜಾಸ್ತಿಯಾಗಿತ್ತೇನೋ ಗುರುಗಳೇ?" ಎಂದ ಶಿಷ್ಯ.

"ಬಾಯಿ ಹಾಕಬೇಡ ಎಂದೆನಲ್ಲ!" ಗುರುಗಳು ಗದರಿ, ಮುಂದುವರಿಸಿದರು.

ಕೊನೆಗೆ ಹೆಂಡತಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಅವನು ಕಣ್ಣಲ್ಲಿ ನೀರು ತುಂಬಿಕೊಂಡು, "ನಿನಗೋಸ್ಕರ ಬೆಳಗ್ಗಿನಿಂದ ಈ ಸೌಟು ಕೆಳಗಿಟ್ಟಿಲ್ಲ ಕಣೇ" ಎಂದ.

"ಅದೇ ರೀ ನನ್ನ ಕರ್ಮ! ನಾನು ಬೇಡ ಅಂದಿದ್ದು ಅದೊಂದನ್ನೇ" ಎಂದು ಅವಳು ಸೌಟು ಕಿತ್ತುಕೊಂಡು ಮಡಿಲಲ್ಲಿಟ್ಟು, ಒಲೆಯ ಪಕ್ಕದಲ್ಲೇ ಕುಳಿತಳು.

ಅವನು ಇನ್ನೊಮ್ಮೆ ಸಕ್ಕರೆ ಇಟ್ಟು ಕೈಕಟ್ಟಿ ನಿಂತ. ನೋಡಲಾರದೆ ಗೋಡೆಯತ್ತ ತಿರುಗಿದ. ಸುಮ್ಮನೆ ನಿಲ್ಲುವುದು ಅವನಿಗೆ ನೂರು ಜನರ ಅಡುಗೆಗಿಂತ ಕಷ್ಟವಾಯಿತು. ಪಾಕ ತನ್ನಷ್ಟಕ್ಕೆ ಕುದಿಯಿತು. ಅಂಚಿನಲ್ಲಿ ಬಣ್ಣ ತಿರುಗಿತು, ಮೆಲ್ಲನೆ ನಡುವಿಗೂ ಬಂತು. ಹೊಸದಾಗಿ ಹೆಚ್ಚಿದ ಸೇಬು ಅದರಲ್ಲಿ ಮೆತ್ತಗೆ ಬೆಂದಿತು. ಅವಳು ಎರಡು ಹೋಳು ತಿಂದು, ಮತ್ತೆರಡು ಬಡಿಸಲು ಹೇಳಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಲೆಯಾಡಿಸಿ, "ಅರ್ಥವಾಯಿತು ಗುರುಗಳೇ. ಇನ್ನು ಅಣ್ಣನ ತಂಟೆಗೆ ಹೋಗುವುದಿಲ್ಲ. ಈ ಮಾತನ್ನು ಈಗಲೇ ಹೋಗಿ ಅವನಿಗೆ ಹೇಳಿ ಬಂದುಬಿಡುತ್ತೇನೆ" ಎಂದು ಎದ್ದ.

ಗುರುಗಳು ಹಣೆ ಚಚ್ಚಿಕೊಂಡು, ಅವನ ರಟ್ಟೆ ಹಿಡಿದು ಕೂರಿಸಿದರು.

"ನೊಂದವನು ನಿನ್ನ ಅಣ್ಣ; ದಿನವೂ ಸಮಾಧಾನ ಮಾಡಿಸಿಕೊಳ್ಳಲು ಹೋಗುತ್ತಿರುವವನು ಯಾರು?"