ಒಂದು ತಟ್ಟೆ ನೀರು, ಒಂದು ತಟ್ಟೆ ಊರು

“ಯಣ್ಣಾ, ಹಡಗು ನಿಲ್ಲೋದು ಎಲ್ಲಿರೀ?”

ಕಾಶವ್ವ ಹೀಗೆ ಕೇಳಿದ್ದು ಮಂಗಳೂರಿನ ಒಂದು ಕಲ್ಯಾಣ ಮಂಟಪದಲ್ಲಿ, ಸಾರಿನ ಬಕೆಟ್ ಹಿಡಿದು ಬಂದ ಬಡಿಸುವವನನ್ನು. ಮುಂದೆ ಬಾಳೆ ಎಲೆ, ಎಲೆ ಮೇಲೆ ಬಿಸಿ ಅನ್ನ. ಪಕ್ಕದಲ್ಲಿ ಮಗ ಅಡಿವೆಪ್ಪ ಆಗಲೇ ಎರಡನೆಯ ಹೋಳಿಗೆಗೆ ಕೈ ಹಾಕಿದ್ದ.

“ಹಡಗಾ? ಇದು ಮದುವೆ ಹಾಲ್ ಮಾರಾಯ್ರೆ! ನೀವು ಹುಡುಗನ ಕಡೆಯವರಾ, ಹುಡುಗಿ ಕಡೆಯವರಾ?”

“ನಾವು ಹಡಗಿನ ಕಡೆಯವರು!” ಅಂದ ಅಡಿವೆಪ್ಪ.

ಕಾಶವ್ವ ಹಣೆ ಚಚ್ಚಿಕೊಂಡಳು. “ಲೇ, ಬಂದರಕ್ಕ ಹೋಗು ಅಂದ್ರ ಇಲ್ಲಿಗ್ಯಾಕ ಕರಕೊಂಡು ಬಂದಿ?”

“ನೀನ ಹೇಳಿದ್ದಿಲ್ಲೇನವ್ವಾ? ದಾರಿ ತಿಳೀದಿದ್ರ ಮಂದಿ ಹೋದ ಕಡೆ ಹೋಗು ಅಂತ! ವಾಲಗದ ಹಿಂದ ಬೇಕಾದಷ್ಟು ಮಂದಿ ಹೊಂಟಿದ್ರು. ಹೊಂಟೆ!”

ಈ ಕಾಶವ್ವ ರಾಣೆಬೆನ್ನೂರಿನವಳು. ಖಾನಾವಳಿ ಇಟ್ಟವಳು. ಗಂಡ ತೀರಿಕೊಂಡ ಮೇಲೆ ಒಲೆ ಮುಂದೆ ನಿಂತವಳು ಕೂತೇ ಇಲ್ಲ. ರೊಟ್ಟಿ ಬಡಿದು ಬಡಿದು ಮೊಣಕಾಲು ಹೋದವು. ಡಾಕ್ಟರು ಒಂದೇ ಮಾತು ಹೇಳಿದರು: “ಕಾಲಿಗೆ ವಿಶ್ರಾಂತಿ ಕೊಡಮ್ಮ. ಇಲ್ಲಾಂದ್ರೆ ಮುಂದಿನ ವರ್ಷ ಕೋಲು ಹಿಡೀತೀ.” ಖಾನಾವಳಿಗೆ ಬರುವ ಗಿರಾಕಿಯೊಬ್ಬ ಅಂದ: “ಅವ್ವಾರ, ಹಡಗು ಹತ್ರಿ! ಕುಂತಲ್ಲೇ ಊರು ಬರ್ತಾವ!”

ಕುಂತಲ್ಲೇ ಊರು! ಕಾಶವ್ವನಿಗೆ ಈ ಮಾತು ಹಿಡಿಸಿತು. ಮಗನನ್ನು ಟ್ರಾವೆಲ್ಸ್ ಅಂಗಡಿಗೆ ಅಟ್ಟಿದಳು. “ಕೊಟ್ಟ ರೊಕ್ಕ ದಂಡ ಆಗಬಾರದು. ಹೆಚ್ಚಿಗಿ ಊರು ಇರೋ ಹಡಗು ಆರಿಸು.” ಆರಿಸಿದ. ದಿನಕ್ಕೊಂದು ಬಂದರು! ಬೆಳಗಾದರೆ ಇಳಿ, ಬಸ್ಸು ಹತ್ತು, ಕೋಟೆ ನೋಡು, ಚರ್ಚು ನೋಡು, ಗೋಡಂಬಿ ಕೊಳ್ಳು, ಓಡಿ ಬಂದು ಮತ್ತೆ ಹತ್ತು. ಕೋಟೆ ಮೆಟ್ಟಿಲು ಹತ್ತುವುದಕ್ಕಿಂತ ಒಲೆಯೇ ವಾಸಿ ಅನ್ನಿಸಿತು ಆಕೆಗೆ.

ಹಾಗೆ ಇಳಿದ ಊರುಗಳಲ್ಲಿ ಮಂಗಳೂರೂ ಒಂದು. ಮದುವೆ ಊಟ ಅರ್ಧಕ್ಕೇ ಬಿಟ್ಟು ಆಟೋ ಹಿಡಿದರು. ಹಡಗಿನ ಏಣಿ ಎತ್ತುವ ಹೊತ್ತಿಗೆ ಹತ್ತಿಕೊಂಡರು.

“ದಡ್ಡ ಶಿಖಾಮಣಿ! ಊರು ಸಾಕು! ಮುಂದಿನ ಸಲ ಬರೇ ನೀರಿರೋ ಹಡಗು ಆರಿಸು. ಹತ್ತಿ ಕುಂತಿ ಅಂದ್ರ ಏಳಬ್ಯಾಡ!”

“ಆತವ್ವಾ!”

ಮುಂದಿನ ವರ್ಷ ಬರೇ ನೀರಿನ ಹಡಗು ಆರಿಸಿದ. ಹೊರಟಲ್ಲಿಂದ ಮರಳಿ ಬರುವವರೆಗೆ ಒಂದು ತೆಂಗಿನ ಮರವೂ ಕಾಣಲಿಲ್ಲ. ಮೊದಲ ದಿನ ಕಾಶವ್ವ ನಿದ್ದೆ ಮಾಡಿದಳು. ಎರಡನೆಯ ದಿನವೂ ನಿದ್ದೆ ಮಾಡಿದಳು. ಮೂರನೆಯ ದಿನ ಕಡಲನ್ನು ನೋಡಿದಳು. ಕಡಲು ಆಕೆಯನ್ನು ನೋಡಿತು. ಇಬ್ಬರಿಗೂ ಬೇಸರ ಬಂತು. ಹಡಗಿನವರು ಬೇಸರ ಕಳೆಯಲೆಂದು ಲಾಟರಿ ಆಡಿಸಿದರು, ಕುಣಿಸಿದರು, ಹೊಟ್ಟೆ ತುಂಬಿದವರಿಗೇ ಮತ್ತೆ ಮತ್ತೆ ಬಡಿಸಿದರು. ವಿಶ್ರಾಂತಿಗೆಂದು ಬಂದವರನ್ನು ಸುಮ್ಮನೆ ಬಿಟ್ಟ ಹಡಗನ್ನು ನಾನಂತೂ ಯಾವ ಸಮುದ್ರದಲ್ಲೂ ಕಂಡಿಲ್ಲ.

ಕೊನೆಗೆ ಕಾಶವ್ವ ಏನು ಮಾಡಿದಳು? ಹಡಗಿನ ಅಡುಗೆ ಮನೆ ಹೊಕ್ಕಳು! “ರೊಟ್ಟಿ ಹಿಂಗ ಬಡೀತಾರೇನೋ?” ಅಂತ ಅಲ್ಲಿನ ಅಡುಗೆಯವನನ್ನು ಪಕ್ಕಕ್ಕೆ ಸರಿಸಿ ತಾನೇ ನಿಂತಳು. ಮತ್ತೆ ಒಲೆ, ಮತ್ತೆ ಕಾಲು ನೋವು.

ಅಷ್ಟರಲ್ಲಿ ಅಪಾಯದ ಗಂಟೆ ಹೊಡೆಯಿತು. ಹಡಗಿಗೆ ಅಪಾಯ ಬಂದರೆ ಹೇಗೆ ಪಾರಾಗಬೇಕು ಅಂತ ಕಲಿಸುವ ಕವಾಯತು. ಎಲ್ಲರೂ ಜಾಕೀಟು ತೊಟ್ಟು ದೋಣಿಗಳ ಹತ್ತಿರ ಓಡಿದರು. ಅಡಿವೆಪ್ಪ ಮಾತ್ರ ಕುರ್ಚಿ ಬಿಡಲಿಲ್ಲ.

“ಏಳ್ರೀ! ಹಡಗು ಮುಳುಗ್ತಾ ಇದೆ ಅಂದ್ಕೊಳ್ಳಿ!” ಅಂದ ಅಧಿಕಾರಿ.

“ಮುಳುಗಲಿ ಬಿಡ್ರಿ. ಅವ್ವ ಏಳಬ್ಯಾಡ ಅಂದಾಳ!”

ನಾವಿಕರು ಅವನನ್ನು ಕುರ್ಚಿ ಸಮೇತ ಹೊತ್ತು ತಂದರು. ಅಡಿವೆಪ್ಪ ಮದುಮಗನ ಹಾಗೆ ಎಲ್ಲರಿಗೂ ಕೈ ಮುಗಿಯುತ್ತ ಬಂದ.

“ಮಾನ ತಗದ್ಯಲ್ಲೋ!” ಹಿಟ್ಟಿನ ಕೈಯಲ್ಲೇ ತಾಯಿ ಬೈದಳು. “ಗಂಟಿ ಹೊಡೀತಂದ್ರ ಎದ್ದು ಓಡಬೇಕು! ಮತ್ತ ಕೇಳು. ಪೂರಾ ಊರೂ ಬ್ಯಾಡ, ಪೂರಾ ನೀರೂ ಬ್ಯಾಡ. ಎರಡೂ ತೂಗಿ ನೋಡಿ ಸಮಾ ಇರೋದನ್ನ ಆರಿಸು!”

“ಆತವ್ವಾ!”

ಮುಂದಿನ ವರ್ಷ ಅಡಿವೆಪ್ಪ ಖಾನಾವಳಿಯ ತಕ್ಕಡಿ ಹೆಗಲಿಗೆ ಹಾಕಿಕೊಂಡು ಟ್ರಾವೆಲ್ಸ್ ಅಂಗಡಿಗೆ ಹೋದ. ಹಡಗುಗಳ ಬಣ್ಣದ ಪುಸ್ತಕಗಳನ್ನು ಇಸಿದುಕೊಂಡ. ಹಾಳೆ ಹರಿದ. ಊರಿನ ಚಿತ್ರ ಒಂದು ತಟ್ಟೆಗೆ, ನೀರಿನ ಚಿತ್ರ ಇನ್ನೊಂದು ತಟ್ಟೆಗೆ.

“ಏನ್ ಮಾಡಾಕತ್ತೀರಿ?” ಅಂಗಡಿಯವನು ಕಂಗಾಲಾದ.

“ಹಡಗು ಆರಿಸಾಕತ್ತೀನ್ರಿ!”

ಒಂದು ಹಡಗಿನಲ್ಲಿ ಊರು ಭಾರ. ಇನ್ನೊಂದರಲ್ಲಿ ನೀರು ಭಾರ. ಮತ್ತೊಂದರಲ್ಲಿ ಮುಳ್ಳು ಅಲ್ಲಾಡದೆ ನಿಂತಿತು. “ಇದ ನೋಡ್ರಿ ಹಡಗು!” ಅನ್ನುವಷ್ಟರಲ್ಲಿ ಅಂಗಡಿಯ ಫೋನಿನ ಗಂಟೆ ಹೊಡೆಯಿತು. ಅಡಿವೆಪ್ಪ ತಕ್ಕಡಿ ಎತ್ತಿಕೊಂಡು ಓಡಿದ! ಅಂಗಡಿಯವನು ಬಸ್ ಸ್ಟ್ಯಾಂಡಿನ ತನಕ ಬೆನ್ನಟ್ಟಿ ಹಿಡಿದು ಟಿಕೆಟ್ಟಿಗೆ ಸಹಿ ಹಾಕಿಸಿಕೊಂಡ.

ನಗಬೇಡಿ. ಈಜುಕೊಳದ ಬಣ್ಣ ನೋಡಿ ಹಡಗು ಆರಿಸುವ ಜಾಣರಿದ್ದಾರೆ. ಅವರಿಗಿಂತ ಈ ಪೆದ್ದನೇ ಮೇಲು. ಯಾಕೆಂದರೆ ಹಡಗು ಸರಿಯಾಗೇ ಇತ್ತು! ಒಂದು ದಿನ ನೀರು, ಒಂದು ದಿನ ಊರು. ಊರು ಸುತ್ತಿ ಕಾಲು ಸೋತರೆ ಮರುದಿನ ಕಡಲ ಗಾಳಿ. ಕಡಲು ಬೇಸರವಾಗುವಷ್ಟರಲ್ಲಿ ಇನ್ನೊಂದು ಊರು. ಪಕ್ಕದ ಕುರ್ಚಿಗೆ ಕುಮಟೆಯ ದೇವಕ್ಕ ಎಂಬ ಗೆಳತಿಯೂ ಸಿಕ್ಕಳು. ಕಾಶವ್ವನ ಕಾಲನ್ನು ತನ್ನ ತೊಡೆ ಮೇಲಿಟ್ಟುಕೊಂಡು ಆಕೆ ಕೊಬ್ಬರಿ ಎಣ್ಣೆ ತಿಕ್ಕಿದಳು. ಮೊಣಕಾಲು ಹಗುರಾದವು. ಆದರೂ ಮಗ ಗಳಿಗೆಗೊಮ್ಮೆ ಬರುತ್ತಿದ್ದ. “ಅವ್ವಾ, ಈಗೇನು ಮಾಡ್ಲಿ? ಅವ್ವಾ, ಇನ್ನೇನು ಮಾಡ್ಲಿ?” ಪ್ರತಿ ಸಲವೂ ಆಕೆ ಏಳಬೇಕು.

ಕೊಚ್ಚಿಯಲ್ಲಿ ಹಡಗು ನಿಂತಾಗ ಕಾಶವ್ವ ಅಂದಳು: “ನಾ ಇಳಿಯಂಗಿಲ್ಲಪಾ. ನೀ ಬೇಕಾದ್ರ ಇಳಿದು ನೋಡಿ ಬಾ. ಆದ್ರ ನೆನಪಿಡು. ನೀರಿಗೆ ಎಷ್ಟೋ ನೆಲಕ್ಕೂ ಅಷ್ಟ. ಯಾವ ಕಡೀಗೂ ತೂಕ ಹೆಚ್ಚಾಗಬಾರದು. ತಿಳೀತೇನ?”

“ತಿಳೀತವ್ವಾ!”

ಸಂಜೆ ಹಡಗು ಕೂಗಿತು. ಎಲ್ಲರೂ ಹತ್ತಿದರು. ಅಡಿವೆಪ್ಪ ಬಂದರಿನ ಕಟ್ಟೆ ಮೇಲೇ ನಿಂತಿದ್ದ, ನೆಟ್ಟ ಕಂಬದ ಹಾಗೆ.

ಕಾಶವ್ವ ಹಡಗಿನ ಅಂಚಿನ ಕಟಾಂಜನ ಹಿಡಿದು ಕೂಗಿದಳು: “ಹತ್ತೋ! ಏಣಿ ಎತ್ತಾಕತ್ತಾರ!”

“ಹೆಂಗ ಹತ್ತಲವ್ವಾ? ನಾನೂ ಹತ್ತಿದ್ರ ಇಬ್ಬರೂ ನೀರಿಗೆ ಆದ್ವಿ! ನೆಲಕ್ಕ ಯಾರು?”

“ಲೇ ಅಡಿವ್ಯಾ!”

“ನೀ ನೀರಿಗೆ, ನಾ ನೆಲಕ್ಕ! ತಕ್ಕಡಿ ಸಮಾ ಆತವ್ವಾ!”

ಹಡಗು ಕದಲಿತು. ಅಡಿವೆಪ್ಪ ಎರಡೂ ಕೈ ಚಾಚಿ, ತಕ್ಕಡಿಯ ಹಾಗೆ ಅಲ್ಲಾಡದೆ ನಿಂತು, ಸಣ್ಣವನಾಗುತ್ತ ಆಗುತ್ತ ಚುಕ್ಕಿಯಾದ. ಕಾಶವ್ವ ಹಡಗಿನ ಅಧಿಕಾರಿಯೊಬ್ಬನ ಬೆನ್ನು ಬಿದ್ದಳು. ಅವನು ಕೊಚ್ಚಿಯ ಬಂದರಿಗೆ ಫೋನು ಮಾಡಿ ಬಂದು, “ಚಿಂತೆ ಬೇಡಮ್ಮ, ನಮ್ಮವರು ಅವನಿಗೆ ಊಟ ಹಾಕಿ, ಜೊತೆಗೆ ಆಳು ಕೊಟ್ಟು ರೈಲಿನಲ್ಲಿ ಊರಿಗೆ ಮುಟ್ಟಿಸ್ತಾರೆ” ಅಂದ.

ಕಾಶವ್ವ ಬಂದು ಕುರ್ಚಿಯಲ್ಲಿ ಕೂತಳು. ಬೈಯಲು ಬಾಯಿ ತೆರೆದಳು. ಬೈಸಿಕೊಳ್ಳುವವನೇ ಇರಲಿಲ್ಲ. ಏಳಲು ನೋಡಿದಳು. ಏಳುವ ಕೆಲಸವೇ ಇರಲಿಲ್ಲ. ನಿಧಾನಕ್ಕೆ ಎರಡೂ ಕಾಲು ಚಾಚಿದಳು.

“ಮಗ ಅಲ್ಲೇ ಉಳದನಲ್ಲೇ, ಬೇಜಾರಿಲ್ವನೇ ಕಾಶವ್ವ?” ಅಂದಳು ದೇವಕ್ಕ.

“ಬೇಜಾರ? ತಡೀರಿ, ಹುಡುಕಾಕತ್ತೀನಿ.”

ಎಷ್ಟು ಹುಡುಕಿದರೂ ಸಿಗಲಿಲ್ಲವೋ ಏನೋ. ದೇವಕ್ಕನ ಕೈಲಿದ್ದ ಎಣ್ಣೆ ಶೀಸೆ ಕಸಿದುಕೊಂಡು ಕಾಶವ್ವ ಅಂದಳು:

“ನಿನ್ನಿ ನನ್ನ ಕಾಲು ನಿಮ್ಮ ತೊಡಿ ಮ್ಯಾಲಿತ್ತು. ಇವತ್ತ ನಿಮ್ಮ ಕಾಲು ಕೊಡ್ರಿ ಇಲ್ಲೆ.”