ಗೋಡೆಯೊಳಗಿನ ಬೀಗರು

ಆ ಎಲೆ ಅಡಿಕೆ ತಟ್ಟೆ ಇತ್ತ ತಳ್ಳಿ, ಹೇಳ್ತೀನಿ.

ನಮ್ಮ ಕಂಚುಗಾರರ ಬೀದಿಯಲ್ಲಿ ದ್ಯಾವೀರಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಬೋರಲಿಂಗ. ವಯಸ್ಸು ಇಪ್ಪತ್ತಾರು, ಬುದ್ಧಿ ಎಷ್ಟು ಅಂತ ಯಾರೂ ಅಳೆದಿಲ್ಲ. ಕೆಟ್ಟವನಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ತಾಪತ್ರಯ. ಬಾಕಿ ಹೊತ್ತೆಲ್ಲ ನಿಂತಲ್ಲೇ ಕನಸು. ಬಿಂದಿಗೆ ತುಂಬಿ ನೀರು ಬೀದಿಗೆ ಹರಿದರೂ ನಲ್ಲಿ ಮುಂದೆ ನಗ್ತಾ ನಿಂತಿರೋನು. "ಯಾಕೋ ನಗ್ತೀಯ?" ಅಂದರೆ, "ನೀರು ಊರು ನೋಡೋಕೆ ಹೊರಟಿದೆ ಅವ್ವಾ" ಅನ್ನೋನು. ದ್ಯಾವೀರಮ್ಮ ಹಣೆ ಚಚ್ಚಿಕೊಳ್ಳೋಳು.

ಅವನ ತಂಗಿ ಇಂದ್ರಾಣಿ. ಚಿನ್ನದಂಥ ಹುಡುಗಿ. ಆದರೂ ಎರಡು ಸಂಬಂಧ ಮುರಿದು ಬಿದ್ದಿತ್ತು. ಎರಡನೇದು ಯಾಕೆ ಅಂತೀರಿ? ಗೋಡೆಯಿಂದ! ನೋಡೋಕೆ ಬಂದ ಗಂಡಿನ ತಾಯಿ ನಡುಮನೆ ಗೋಡೆಗೆ ಒರಗಿ ಕೂತಳು. ಏಳುವಾಗ ರೇಷ್ಮೆ ಸೀರೆ ಬೆನ್ನ ತುಂಬ ಸುಣ್ಣ! "ಬೂದಿ ಬಳಿದು ಕಳಿಸಿದರು" ಅಂತ ಆ ಮಹಾತಾಯಿ ನಾಲ್ಕು ಊರಿಗೆ ಸಾರಿಕೊಂಡು ಬಂದಳು. ನಾನು ಎರಡೇ ಊರಿಗೆ ಹೇಳಿದ್ದು.

ಈಗ ಮೂರನೇ ಕಡೆಯವರು ಶುಕ್ರವಾರ ಬರ್ತೀವಿ ಅಂದಿದ್ದರು. ಇದೂ ತಪ್ಪಿದರೆ ಇನ್ಯಾರೂ ಬಾಗಿಲು ತುಳಿಯೋಲ್ಲ ಅಂತ ದ್ಯಾವೀರಮ್ಮನಿಗೆ ಅನ್ನ ಸೇರದು. ಬಣ್ಣ ಹೊಡೆಯೋ ಶೇಷಾಚಲನ್ನ ಕರೆಸೋಣ ಅಂದರೆ ಅವನು ಅದೇ ವಾರ ನಾದಿನಿಯನ್ನ ಕರಕೊಂಡು ಓಡಿಹೋಗಿದ್ದ, ಏಣಿ ಸಮೇತ. ಏಣಿ ಯಾಕೆ ಅಂತ ಬೀದಿಯವರೆಲ್ಲ ಇವತ್ತಿಗೂ ಯೋಚನೆ ಮಾಡ್ತಿದಾರೆ.

ವಿಧಿಯಿಲ್ಲ, ಬ್ರಷ್ಷು ಬೋರಲಿಂಗನ ಕೈಗೆ ಬಂತು.

ಸೋಮವಾರ ದ್ಯಾವೀರಮ್ಮ ಅಂದಳು: "ಅಡಿಗೆಮನೆಗೆ ಆಯಿಲ್ ಪೇಂಟ್ ಹೊಡಿ. ಹೊಳಪಿದ್ದರೆ ಜಿಡ್ಡು ಕೂತರೂ ಒರೆಸಿ ತೆಗೀಬಹುದು. ಎಲ್ಲೆಲ್ಲಿ ಎಣ್ಣೆ ತಾಗುತ್ತೋ ಅಲ್ಲೆಲ್ಲ ಹೊಡಿ. ತಿಳೀತಾ?"

"ತಿಳೀತು ಅವ್ವಾ."

ಎಣ್ಣೆ ತಾಗೋ ಗೋಡೆಗೆ ಹೊಡೆದ. ಎಣ್ಣೆ ತಾಗೋ ಕಾವಲಿಗೆ ಹೊಡೆದ. ಎಣ್ಣೆ ತಾಗೋ ಒಗ್ಗರಣೆ ಸೌಟಿಗೆ ಹೊಡೆದ. ಜಗಲಿ ಮೇಲೆ ಅವನ ಸೋದರಮಾವ ಮರಿಸ್ವಾಮಣ್ಣ ಬೋಳುತಲೆಗೆ ಹರಳೆಣ್ಣೆ ತಟ್ಟಿಕೊಂಡು ಮಲಗಿದ್ದ. ಎಣ್ಣೆ ತಾಗಿದೆಯಲ್ಲ! ಮೆಲ್ಲಗೆ ಎರಡು ಕೈ ಹೊಡೆದ. "ತಂಪಾಗಿದೆ, ತಂಪಾಗಿದೆ" ಅಂತ ಮಾವ ನಿದ್ದೆಯಲ್ಲೇ ನಕ್ಕ. ನೀಲಿ ಬಣ್ಣ. ಒಂದು ಹಕ್ಕಿ ಹಾರಿಬಿಟ್ಟರೆ ಆಕಾಶವೇ.

"ಅಯ್ಯೋ ಮುಂಡೇದೇ!" ಅಂದಳು ದ್ಯಾವೀರಮ್ಮ. "ನನ್ನಣ್ಣನ ತಲೆಯೇನು ಗೋಡೆಯೇನೋ? ನಾಳೆ ಮಲಗೋ ಕೋಣೆ. ಅಲ್ಲಿ ಈ ಹೊಳಪು ಬೇಡ, ಕಣ್ಣಿಗೆ ಚುಚ್ಚುತ್ತೆ. ಡಿಸ್ಟೆಂಪರ್ ಹೊಡಿ, ಮಂಕಾಗಿ, ಮೆತ್ತಗೆ. ಆ ಕೋಣೇಲಿ ಹೊಳೆಯೋದು ಒಂದೂ ಇರಕೂಡದು!"

"ಇರೋಲ್ಲ ಅವ್ವಾ."

ಮಂಗಳವಾರ ಗೋಡೆಗೆ ಡಿಸ್ಟೆಂಪರ್ ಹೊಡೆದ. ಹಾಲಿನ ಕೆನೆ ಹಾಗೆ ಬಂತು, ನೋಡಿದರೇ ಕಣ್ಣು ಎಳೆಯೋದು. ಗೂಡಲ್ಲಿ ಹಿತ್ತಾಳೆ ಚೊಂಬು ಹೊಳೀತಿತ್ತು, ಅದಕ್ಕೂ ಹೊಡೆದ. ಕನ್ನಡಿ ಹೊಳೀತಿತ್ತು, ಅದಕ್ಕೂ ಹೊಡೆದ. ಅಷ್ಟರಲ್ಲಿ ಸಂಜೆಯಾಯ್ತು, ಕಿಟಕಿಯಲ್ಲಿ ಚಂದ್ರ ಬಂದ. ಅವನೂ ಹೊಳೀತಿದ್ದ! ಬೋರಲಿಂಗ ಬ್ರಷ್ಷು ಚಾಚಿದ, ಎಟುಕಲಿಲ್ಲ. ಮಂಚದ ಮೇಲೆ ನಿಂತು ಚಾಚಿದ, ಎಟುಕಲಿಲ್ಲ. "ಸ್ವಲ್ಪ ಬಗ್ಗೋ ಮಾರಾಯ" ಅಂತ ಕೇಳಿಕೊಂಡ. ಚಂದ್ರ ಬಗ್ಗಲಿಲ್ಲ. ಕೊನೆಗೆ ಕಿಟಕಿ ಗಾಜಿಗೇ ಮೂರು ಕೈ ಹೊಡೆದ. ಕೋಣೆಯೆಲ್ಲ ಮಬ್ಬು ಮಬ್ಬು. ಅಲ್ಲೇ ನೆಲದ ಮೇಲೆ ಮಲಗಿ ನಿದ್ದೆಹೋದ.

ಇಂದ್ರಾಣಿ ಬಾಚಣಿಗೆ ಹಿಡಿದು ಬಂದವಳು ಚೀರಿದಳು. "ಅವ್ವಾ! ಅಣ್ಣ ಕನ್ನಡಿಗೂ ಬಣ್ಣ ಹೊಡೆದವ್ನೆ!"

"ಹೆಣ್ಣು ನೋಡೋಕೆ ಬರೋ ಹೊತ್ತಿಗೆ ಕನ್ನಡಿ ಕುರುಡು ಮಾಡಿದೆಯಲ್ಲೋ!" ದ್ಯಾವೀರಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು. "ನಾಳೆ ನಡುಮನೆ. ಅಲ್ಲಾದರೂ ಮುಖ ಕಾಣೋ ಹಾಗಿರಲಿ ಕಣಪ್ಪಾ, ನಿನ್ನ ದಮ್ಮಯ್ಯ!"

"ಕಾಣುತ್ತೆ ಅವ್ವಾ."

ಬುಧವಾರ, ಗುರುವಾರ, ಎರಡು ದಿನ ಹಿಡಿದ. ಅಡಿಗೆಮನೆಯ ಅದೇ ನೀಲಿ ಆಯಿಲ್ ಪೇಂಟ್ ಒಂದು ಕೈ ಹೊಡೆಯೋದು, ಮುಖ ಕಾಣುತ್ತಾ ಅಂತ ನೋಡೋದು. ಕಾಣದೇ ಇದ್ದರೆ ಉಪ್ಪುಕಾಗದದಲ್ಲಿ ಉಜ್ಜೋದು, ಮತ್ತೊಂದು ಕೈ ಹೊಡೆಯೋದು. ಕೊನೆಗೆ ಗೋಡೆ ಗಾಳಿಯಿಲ್ಲದ ಹೊತ್ತಿನ ಕೆರೆ ಹಾಗಾಯ್ತು. ಒಳಗೆ ಇನ್ನೊಂದು ನಡುಮನೆ. ಅಲ್ಲೂ ಒಂದು ಚಾಪೆ, ಅಲ್ಲೂ ಒಬ್ಬ ಬೋರಲಿಂಗ. ಇವನು ಕೈ ಮುಗಿದ, ಅವನೂ ಮುಗಿದ. "ಒಳ್ಳೇ ಜನ ಅವ್ವಾ. ಮಾತು ಕಮ್ಮಿ" ಅಂದ.

ಪೇಂಟ್ ಅಂಗಡಿ ಮುನಾವರ್ ಸಾಬರು ಬಂದು ನೋಡಿ ತಲೆ ಮೇಲೆ ಕೈಯಿಟ್ಟರು. "ನಡುಮನೆಗೆ ಯಾರಾದರೂ ಇಷ್ಟು ಹೊಳಪು ಹೊಡೀತಾರೇನಮ್ಮಾ? ಗೋಡೆ ಉಬ್ಬು ತಗ್ಗೆಲ್ಲ ಎದ್ದು ಕಾಣುತ್ತೆ! ಇಲ್ಲಿಗೆ ಮಂದ ಹೊಳಪಿಂದು ಸಾಕಿತ್ತು."

ಇನ್ನೇನು ಮಾಡೋದು? ಬೆಳಗಾದರೆ ಶುಕ್ರವಾರ. ದ್ಯಾವೀರಮ್ಮ ಮಗನ ಗಲ್ಲ ಹಿಡಿದು ಹೇಳಿದಳು: "ನಾಳೆ ನೀನು ಬಾಯಿ ಬಿಡಬೇಡ. ಎಷ್ಟು ಜನ ಕಾಣಿಸ್ತಾರೋ ಅಷ್ಟೂ ಜನದ ಮುಂದೆ ಉಪ್ಪಿಟ್ಟಿನ ತಟ್ಟೆ ಇಡು. ಒಬ್ಬರನ್ನೂ ಬಿಡಬೇಡ!"

ಬಂದವರು ನಾಲ್ಕು ಜನ. ಹಾಲಿನ ಡೈರಿಯಲ್ಲಿ ಗುಮಾಸ್ತನಾಗಿದ್ದ ಗಂಡು ಜಯದೇವ, ಅವನ ಅಪ್ಪ, ಚಿಕ್ಕಪ್ಪ, ಮತ್ತೆ ತಾಯಿ ಸರ್ವಮಂಗಳಮ್ಮ. ಆಯಮ್ಮ ನಕ್ಕಿದ್ದನ್ನ ಅವಳ ಗಂಡನೇ ನೋಡಿಲ್ಲ ಅಂತ ಮಾತು. ಇಂದ್ರಾಣಿ ತಲೆ ಬಗ್ಗಿಸಿ ಬಂದಳು, ತಲೆ ಬಗ್ಗಿಸೇ ಕೂತಳು. ಗಂಡು ಕಾಲುಬೆರಳು ಎಣಿಸ್ತಾ ಕೂತಿದ್ದ. ನಮ್ಮ ಕಡೆ ಹೆಣ್ಣು ನೋಡೋದು ಅಂದರೆ ಹೀಗೇ. ಹೆಣ್ಣೂ ಗಂಡೂ ಬಿಟ್ಟು ಬಾಕಿ ಎಲ್ಲರೂ ನೋಡ್ತಾರೆ.

ಬೋರಲಿಂಗ ಬಂದ. ನಾಲ್ಕು ತಟ್ಟೆ ನಾಲ್ವರ ಮುಂದಿಟ್ಟ. ಒಳಗೆ ಹೋಗಿ ಇನ್ನೂ ನಾಲ್ಕು ತಂದ. ಗೋಡೆ ಬುಡದಲ್ಲಿ ಸಾಲಾಗಿ ಇಟ್ಟು, ಗೋಡೆಗೆ ಕೈ ಮುಗಿದ.

"ಇದೇನಮ್ಮಾ ಇದು? ಗೋಡೆಗೆ ಉಪ್ಪಿಟ್ಟು ಬಡಿಸ್ತಾನೆ!" ಸರ್ವಮಂಗಳಮ್ಮನ ಹುಬ್ಬು ಹಣೆಗೇರಿತು.

ದ್ಯಾವೀರಮ್ಮ ಕಾಫಿ ಲೋಟ ನೆಲಕ್ಕಿಟ್ಟು ಹಣೆಗೆ ಕೈ ಹಚ್ಚಿದಳು. ಹೋಯ್ತು, ಇದೂ ಹೋಯ್ತು! ಬೋರಲಿಂಗ ಬಾಯಿ ಬಿಡಬಾರದಲ್ಲ, ಬೆರಳು ಮಾಡಿ ತೋರಿಸಿದ. ಎಲ್ಲರೂ ಗೋಡೆ ಕಡೆ ತಿರುಗಿದರು. ಜಯದೇವನೂ ತಿರುಗಿದ.

ತಿರುಗಿದರೆ, ನೀಲಿಯೊಳಗೆ ಇಂದ್ರಾಣಿ! ಅವಳು ಬಂದಾಗಿಂದ ವಾರೆಗಣ್ಣಲ್ಲಿ ಗೋಡೆಯನ್ನೇ ನೋಡ್ತಿದ್ದಳು, ಗೋಡೆಯೊಳಗಿನ ಅವನನ್ನೇ. ಹುಡುಗಿ ತಲೆ ಎತ್ತಬಾರದು ಅಂತ ಹೇಳಿದಾರೆ, ಗೋಡೆ ನೋಡಬಾರದು ಅಂತ ಯಾರೂ ಹೇಳಿಲ್ಲವಲ್ಲ! ನಾಲ್ಕು ಕಣ್ಣು ಆ ನೀರಿನಂಥ ಬಣ್ಣದಲ್ಲಿ ಸೇರಿದವು. ಅವಳು ನಕ್ಕಳು, ಅವನೂ ನಕ್ಕ. ಬಾಗಿಲ ಸಂದಿಯಿಂದ ನಾನೇ ಕಣ್ಣಾರೆ ಕಂಡೆ. ಮನೆಯೇ ನೀರಿನಡಿ ಕೂತ ಹಾಗಿತ್ತು.

"ಹುಡುಗಿ ಒಪ್ಪಿಗೆಯೇನೋ?" ಸರ್ವಮಂಗಳಮ್ಮ ಕೊನೆಗೆ ಕೇಳಿದಳು.

"ಒಪ್ಪಿಗೆ ಅಮ್ಮಾ" ಅಂದ ಜಯದೇವ, ಗೋಡೆಗೆ.

ದ್ಯಾವೀರಮ್ಮನ ಕಾಲು ನೆಲದ ಮೇಲಿಲ್ಲ. "ಬೀಗರನ್ನ ಬಸ್‌ಸ್ಟ್ಯಾಂಡ್ ತನಕ ಕಳಿಸಿ ಬಾರಪ್ಪಾ ಬೋರಲಿಂಗ! ಮರ್ಯಾದೆಯಿಂದ. ಇಲ್ಲಿಗೆ ಬಂದವರೆಲ್ಲ ಹತ್ತಿದ ಮೇಲೇ ಬಸ್ಸು ಬಿಡಿಸು!"

"ಬಿಡಿಸ್ತೀನಿ ಅವ್ವಾ."

ನಾಲ್ವರೂ ಹತ್ತಿದರು. ಕಂಡಕ್ಟರ್ ಸೀಟಿ ಊದಿದ. ಬೋರಲಿಂಗ ಹೋಗಿ ಬಸ್ಸಿನ ಮುಂದೆ ಕೈ ಅಡ್ಡ ಹಿಡಿದು ನಿಂತ.

"ಸರಿಯೋ ಅತ್ಲಾಗೆ! ಎಲ್ಲ ಹತ್ತಿದರಲ್ಲ!"

"ಇನ್ನೂ ನಾಲ್ಕು ಜನ ಬರಬೇಕು."

"ಯಾರೋ ಅವರು?"

"ಗೋಡೆಯೊಳಗಿನ ಬೀಗರು. ಉಪ್ಪಿಟ್ಟು ಇನ್ನೂ ಮುಟ್ಟೇ ಇಲ್ಲ. ನಿಧಾನದ ಜನ."

ಡ್ರೈವರ್ ಹಾರನ್ ಒತ್ತಿದ. ಕಂಡಕ್ಟರ್ ಬಾಯಿಗೆ ಬಂದ ಹಾಗೆ ಬೈದ. ಬೋರಲಿಂಗ ಕದಲಲಿಲ್ಲ, ನಮ್ಮ ಬೀದಿ ಕಡೆ ನೋಡ್ತಾ ನಗ್ತಾ ನಿಂತ. ಆಗ ಕಿಟಕಿ ಸೀಟಿನಿಂದ ಜಯದೇವ, ಅವನೂ ಅತ್ತಲೇ ನೋಡ್ತಾ, ಮೆಲ್ಲಗೆ ಅಂದ:

"ಸ್ವಲ್ಪ ಕಾಯಿರಿ ಕಂಡಕ್ಟ್ರೇ. ಬಂದರೂ ಬಂದಾರು."